ಎರಡು ದಿನದ ಅಪ್ಪ

ಸ್ಸ್ಸ್ ಎಂದು ಗಾಳಿ ಹೋಗುತ್ತಿದೆ, ಚಕ್ರ ಮೆಲ್ಲಗೆ ಮರಳಿನ ಮೇಲೆ ಕುಂಡೆಯೂರಿ ಕೂರುತ್ತಿದೆ, ಈ ಸದ್ದು ಕೇಳಿದರೆ ಸಾಕು ನನಗೆ ರಿಯಾದ್ ಮರೆತುಹೋಗುತ್ತದೆ, ಕಚೇರಿಯ ಕಡತ ಮರೆತುಹೋಗುತ್ತದೆ, ಅಪ್ಪ ಹೀಗೇ ಕುಕ್ಕರಗಾಲಲ್ಲಿ ಕೂತು ಕಡ್ಡಿಯ ತುದಿಯಿಂದ ವಾಲ್ವ್ ಒತ್ತಿ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದರು, ಅವರಿಗೆ ಅಳತೆಯ ಮುಳ್ಳು ಬೇಕಿರಲಿಲ್ಲ, ನನಗೂ ಬೇಡ — ಬಾಬಾ, ಇನ್ನೂ ಎಷ್ಟ್ ಹೊತ್ತು, ಎನ್ನುತ್ತಾಳೆ ಜೂದ್ ಜೀಪಿನ ಕಿಟಕಿಯಿಂದ ಮೂಗು ಹೊರಗೆ ಹಾಕಿ, ಎಂಟು ವರ್ಷಕ್ಕೇ ಅವಳ ಅಮ್ಮನ ದನಿ ಬಂದುಬಿಟ್ಟಿದೆ, ಪ್ರಶ್ನೆಯಲ್ಲೇ ತೀರ್ಪು ಇರುವ ದನಿ, ಇನ್ನೊಂದು ಚಕ್ರ ಅಷ್ಟೆ ಮಗಳೇ ಎಂದೆ, ಟೈರಿನ ಗಾಳಿ ಇಳಿಸಿದರೆ ಒಂಟೆಯ ಪಾದದ ಹಾಗೆ ಅಗಲವಾಗುತ್ತದೆ, ಮರಳಲ್ಲಿ ಹೂತುಕೊಳ್ಳುವುದಿಲ್ಲ, ನಿಮ್ಮಜ್ಜ ಕಲಿಸಿದ್ದು. ಹಿಂದಿನ ಸೀಟಿನಲ್ಲಿ ಸತ್ತಾಮ್ ಏನೋ ಗುನುಗುತ್ತಾ ಸೀಟಿಗೆ ಒದೆಯುತ್ತಿದ್ದಾನೆ, ನನ್ನ ಅಪ್ಪನ ಹೆಸರು ಹೊತ್ತ ಐದು ವರ್ಷದ ಪೋರ, ಒದೆ ಮಾತ್ರ ಅಜ್ಜನದೇ. ಬಿಸಿಲು ಹಿತವಾಗಿದೆ, ಫೆಬ್ರವರಿಯ ಬಿಸಿಲು, ಹೋದ ವಾರದ ಮಳೆಗೆ ದಿಬ್ಬಗಳ ಬುಡದಲ್ಲಿ ಹಸಿರು ಚಿಗುರಿದೆ, ಕೆಂಪು ಮರಳಿನ ಮೇಲೆ ಹಸಿರು ಗೀರು, ಫೋಟೋಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ — ನಿಲ್ಲಿಸು, ಫೋಟೋದ ವಿಷಯ ಈಗ ಬೇಡ, ಆದರೂ ಬಂತು, ವಕೀಲ ಹಮ್ಮಾದ್ ಗಡ್ಡ ನೀವಿಕೊಳ್ಳುತ್ತಾ ಹೇಳಿದ್ದು ಹಾಗೇ ಕಿವಿಯಲ್ಲಿದೆ, ತಾಯಿ ಇನ್ನೊಂದು ಮದುವೆ ಆಗಿದಾಳೆ ಅನ್ನೋದೊಂದೇ ಸಾಕಾಗಲ್ಲ ಮುತ್ಲಖ್, ನ್ಯಾಯಾಧೀಶರು ಈಗ ಮಕ್ಕಳ ಮುಖ ನೋಡ್ತಾರೆ, ನಿನ್ನ ಜೊತೆ ಮಕ್ಕಳು ಖುಷಿಯಾಗಿದಾರೆ ಅಂತ ತೋರ್ಸು, ಎಲ್ಲಾದ್ರೂ ಕರ್ಕೊಂಡ್ ಹೋಗು, ನಗ್ತಿರೋ ಫೋಟೋ ಒಂದು ಹತ್ತು ತಗೊಂಡ್ ಬಾ, ಭಾನುವಾರ ಅರ್ಜಿ ಹಾಕೋಣ. ಹತ್ತು ನಗು. ಹದಿನೈದು ದಿನಕ್ಕೊಮ್ಮೆ ಗುರುವಾರ ಮಧ್ಯಾಹ್ನದಿಂದ ಶನಿವಾರ ಸಂಜೆಯವರೆಗೆ ನಾನು ಅಪ್ಪ, ಉಳಿದ ದಿನ ನೀರು ಸರಬರಾಜು ಕಚೇರಿಯ ಮುತ್ಲಖ್, ನಿನ್ನ ಹೆಸರಿನೊಳಗೇ ತಲಾಖ್ ಇದೆಯಲ್ಲೋ ಎಂದು ಅಲ್ಲಿ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ನಗದಿದ್ದರೆ ಮತ್ತೆ ಹೇಳುತ್ತಾರೆ.

ನಿನ್ನೆ ಎಲ್ಲ ಚೆನ್ನಾಗಿಯೇ ಇತ್ತು, ಇತ್ತು ತಾನೆ, ಇಳಿಹೊತ್ತಿನ ನಮಾಜಿನ ವೇಳೆಗೆ ದಹ್ನಾ ಮರಳುಗಾಡು ಸೇರಿದ್ದೆವು, ಬೇರೆ ಯಾವ ಡೇರೆಯೂ ಕಾಣದಷ್ಟು ಒಳಗೆ, ಜನ ಇರುವಲ್ಲಿಗೆ ಹೋಗುವುದಾದರೆ ಮರಳುಗಾಡಿಗೆ ಯಾಕೆ ಬರಬೇಕು, ಡೇರೆಯ ಗೂಟ ಹೊಡೆಯುವಾಗ ಸತ್ತಾಮ್‌ನ ಕೈಗೆ ಸುತ್ತಿಗೆ ಕೊಟ್ಟೆ, ಅವನು ಗೂಟ ಬಿಟ್ಟು ಮರಳಿಗೆ ಹೊಡೆದ, ಮರಳು ಅಳಲ್ವಲ್ಲ ಬಾಬಾ ಎಂದ, ಎಂಥ ಮಾತು, ಆ ಮಾತನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಲು ಯಾರಿದ್ದಾರೆ. ಜೂದ್ ಮಾತ್ರ ಕೈಕಟ್ಟಿ ನಿಂತಿದ್ದಳು. ಮಕ್ಕಳ ಚೀಲ ಬಿಚ್ಚಿದರೆ ಮೇಲೆಯೇ ಅವರಮ್ಮನ ಕೈಬರಹದ ಚೀಟಿ, ಯಾವ ಡಬ್ಬಿಯಲ್ಲಿ ಏನಿದೆ, ಎಷ್ಟು ಹೊತ್ತಿಗೆ ಏನು ಕೊಡಬೇಕು, ನನ್ನ ಮಕ್ಕಳಿಗೆ ಹೇಗೆ ಊಟ ಹಾಕಬೇಕೆಂದು ನನಗೆ ಪಾಠ, ಚೀಟಿಯ ಕೆಳಗೆ ನೀಲಿ ಬಣ್ಣದ ಉಸಿರಿನ ಪಂಪು. ಮರಳು, ಹೊಗೆ, ತಂಡಿ ಮೂರೂ ಸತ್ತಾಮ್‌ಗೆ ಆಗಲ್ಲ, ಪಂಪು ಯಾವಾಗ್ಲೂ ಜೇಬಲ್ಲೇ ಇರ್ಲಿ, ಎಂದು ಜೂದ್ ಓದಿ ಹೇಳಿದಳು, ಓದಿದಳೋ ಬಾಯಿಪಾಠ ಒಪ್ಪಿಸಿದಳೋ. ನಾನು ನಕ್ಕೆ, ನನ್ನ ಅಪ್ಪನಿಗೆ ಎಪ್ಪತ್ತು ವರ್ಷ ಮರಳೇ ಔಷಧಿಯಾಗಿತ್ತು, ಅವರ ಮೊಮ್ಮಗನಿಗೆ ಮರಳು ಆಗುವುದಿಲ್ಲವಂತೆ, ಅವರಮ್ಮನ ಹೊಸ ಗಂಡ, ಆ ಹಲ್ಲಿನ ಡಾಕ್ಟರ, ಹೇಳಿಕೊಟ್ಟಿರಬೇಕು, ಜಿದ್ದಾದ ಕಡಲ ದಂಡೆಯಲ್ಲಿ ಹುಟ್ಟಿ ಮೀನು ತಿಂದು ಬೆಳೆದವನು, ಬೇರೆಯವರ ಬಾಯಿಯೊಳಗೆ ಇಣುಕಿ ಬದುಕುವವನು, ಅವನಿಗೇನು ಗೊತ್ತು ಮರಳು. ವಾಯಿಲ್ ಚಿಕ್ಕಪ್ಪ ಡಾಕ್ಟರ್ರೇ ಅಲ್ವಾ ಬಾಬಾ, ಅವ್ರಿಗೆ ಗೊತ್ತಿರತ್ತೆ, ಎಂದಳು ಜೂದ್. ಚಿಕ್ಕಪ್ಪ! ಅವನು ಯಾವ ಸೀಮೆಯ ನನ್ನ ತಮ್ಮ? ಆದರೂ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ, ಕೆಂಡದ ಮೇಲೆ ಅನ್ನ ಮಾಂಸ ಬೇಯಿಸಿದೆ, ಏಲಕ್ಕಿ ಹಾಕಿದ ಕಾಫಿ ನನಗೆ, ಹಾಲು ಚಹಾ ಮಕ್ಕಳಿಗೆ, ಒಂದೇ ದೊಡ್ಡ ತಟ್ಟೆಗೆ ಮೂರೂ ಕೈ, ಸತ್ತಾಮ್ ತಟ್ಟೆಯ ಅಂಚಿನಲ್ಲಿ ತನ್ನ ಪಾಲಿಗೊಂದು ಗೆರೆ ಎಳೆದುಕೊಂಡು ತಿಂದ, ಆಗ ಫೋನ್ ಎತ್ತಿದೆ, ನಗಿ ನೋಡೋಣ ಎಂದೆ, ಸತ್ತಾಮ್ ನಕ್ಕ, ಹಲ್ಲೆಲ್ಲ ತೋರಿಸಿ, ಜೂದ್ ಕೇಳಿದಳು, ಇದು ಯಾರಿಗ್ ಕಳ್ಸಕ್ಕೆ? ಯಾರಿಗೂ ಇಲ್ಲ ಕಣೇ, ನನಗೇ. ಹಾಗಾದ್ರೆ ನಗ್ಲೇಬೇಕು ಅಂತ ಇಲ್ಲ ಅಲ್ವಾ, ಎಂದಳು. ಎಲ್ಲಿಂದ ಬರುತ್ತವೆ ಈ ಮಾತು. ಆಮೇಲೆ ನಕ್ಕಳು, ತುಟಿ ಮಾತ್ರ, ದಾನ ಮಾಡಿದ ಹಾಗೆ. ಪಂಪಿನ ಚೀಲವನ್ನು ಡೇರೆಯ ಮೂಲೆಯಲ್ಲಿ ಹಾಸಿಗೆಗಳ ಹಿಂದೆ ಇಟ್ಟೆ, ಬೇಕಂತಲೇ ಅಲ್ಲ, ಬೇಕಂತಲೇ ಇರಬಹುದು, ಅಲ್ಲೇ ಇದೆ ಈಗಲೂ.

ಈಗ ನೋಡಿ ಮಕ್ಕಳೇ ಎಂದು ಗೇರು ಬದಲಿಸಿದೆ, ಜೀಪು ಮೊದಲ ದಿಬ್ಬವನ್ನು ಬೆಣ್ಣೆಯ ಮೇಲಿನ ಚಾಕುವಿನಂತೆ ಏರಿತು, ಸತ್ತಾಮ್ ಕಿರುಚಿದ, ಖುಷಿಯ ಕಿರುಚು, ಇನ್ನೊಂದ್ಸಲ ಬಾಬಾ, ಇನ್ನೊಂದ್ಸಲ, ಈ ದನಿಯನ್ನು ಫೋಟೋದಲ್ಲಿ ಹಿಡಿಯಲು ಬರುವುದಿಲ್ಲವಲ್ಲ, ನ್ಯಾಯಾಧೀಶರೇ ಕೇಳಿ ಇದನ್ನು, ಇನ್ನೊಂದು ದಿಬ್ಬ, ಮತ್ತೊಂದು, ಜೂದ್ ಕೂಡ ಹಿಡಿಕೆ ಹಿಡಿದು ಕಣ್ಣರಳಿಸಿದ್ದಾಳೆ, ಕನ್ನಡಿಯಲ್ಲಿ ಕಂಡೆ, ಹತ್ತು ನಿಮಿಷ ನಾನು ಜಗತ್ತಿನ ಅತ್ಯಂತ ಒಳ್ಳೆಯ ಅಪ್ಪ, ನಿಜವಾಗಿ ಹತ್ತು ನಿಮಿಷ. ಅಜ್ಜನ ದಿಬ್ಬ ತೋರಿಸ್ತೀನಿ ಎಂದೆ, ಅದು ಇನ್ನೂ ಒಳಗೆ, ಎರಡು ಗುಡ್ಡದ ನಡುವೆ, ನನಗೆ ಆರು ವರ್ಷವಾಗಿದ್ದಾಗ ಅಪ್ಪ ಅಲ್ಲಿ ನನ್ನನ್ನು ಇಳಿಸಿ ಡೇರೆ ಹುಡುಕಿಕೊಂಡು ಬಾ ಎಂದು ಗಾಡಿ ಹೊಡೆದುಕೊಂಡು ಹೋಗಿದ್ದರು, ನಾನು ಅತ್ತೆ, ಅಳುತ್ತಲೇ ಚಕ್ರದ ಗುರುತು ಹಿಡಿದು ನಡೆದೆ, ಬಂದು ಮುಟ್ಟಿದಾಗ ಅಪ್ಪ ಕಾಫಿ ಕುಡಿಯುತ್ತಿದ್ದರು, ತಲೆ ಎತ್ತದೆ, ತಡ ಆಯ್ತು ಎಂದರು, ಅಷ್ಟೆ, ಅದನ್ನೇ ನಾನು ಪ್ರೀತಿ ಎಂದುಕೊಂಡು ಮೂವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಅಬೀರ್‌ಗೆ ಮದುವೆಯಾದ ಹೊಸತರಲ್ಲಿ ಹೇಳಿದಾಗ ಅವಳು ನಗಲಿಲ್ಲ, ಆರ್ ವರ್ಷದ್ ಮಗೂನ ಹಂಗ್ ಬಿಟ್ಟೋಗೋದಾ ಮುತ್ಲಖ್, ಅದೆಂಥ ಅಪ್ಪ, ಎಂದಳು, ನನಗೆ ಕೋಪ ಬಂದಿತ್ತು. ಬಾಬಾ, ಮುಂದೆ ಮರಳು ಬೇರೆ ಥರ ಕಾಣ್ತಿದೆ, ಎಂದಳು ಜೂದ್, ಬಿಳಿ ಬಿಳಿ ಇದೆ, ಮೆತ್ತಗೆ ಇರತ್ತೇನೋ. ಸುಮ್ಮನೆ ಕೂತ್ಕೊ, ನನಗೆ ಹೇಳಿಕೊಡ್ಬೇಡ, ಎಂದೆ, ಎಂದೆನೋ ಗದರಿದೆನೋ, ಆ ಮಾತಿಗೇ ಕಾಲು ಅದುಮಿತು, ಜೀಪು ದಿಬ್ಬದ ನೆತ್ತಿ ದಾಟಿತು, ಆಚೆ ಕಡೆ ಇಳಿಜಾರೇ ಇಲ್ಲ, ಗುಳಿ, ಬಾಣಲೆಯಂಥ ಗುಳಿ, ಮೂತಿ ಕೆಳಗಾಗಿ ಜಾರಿದೆವು, ತಳ ಮುಟ್ಟಿದ ಮೇಲೆ ಹಿಂದೆ ಹೊಡೆದೆ, ಮುಂದೆ ಹೊಡೆದೆ, ಪ್ರತಿ ಸಲಕ್ಕೂ ಚಕ್ರ ತನ್ನ ಗೋರಿಯನ್ನು ತಾನೇ ತೋಡಿಕೊಂಡಿತು, ಕೊನೆಗೆ ಹೊಟ್ಟೆ ಮರಳಿಗೆ ತಾಗಿ ಜೀಪು ನಿಟ್ಟುಸಿರು ಬಿಟ್ಟಿತು. ಸತ್ತಾಮ್ ಮಾತ್ರ, ಇನ್ನೊಂದ್ಸಲ ಬಾಬಾ, ಎಂದ.

ಗುದ್ದಲಿ ಇಲ್ಲ. ಚಕ್ರದಡಿ ಕೊಡುವ ಹಲಗೆ ಇಲ್ಲ. ಎಲ್ಲ ಡೇರೆಯಲ್ಲಿವೆ, ನೆಲ ಸಪಾಟು ಮಾಡಲು ನಿನ್ನೆ ಇಳಿಸಿದ್ದು ಮತ್ತೆ ಏರಿಸಲೇ ಇಲ್ಲ, ಇಪ್ಪತ್ತು ವರ್ಷದಿಂದ ಮರಳಲ್ಲಿ ಗಾಡಿ ಓಡಿಸುವ ಮುತ್ಲಖ್, ಸಿಕ್ಕಿಕೊಂಡ ಪಟ್ಟಣದವರನ್ನೆಲ್ಲ ಎಳೆದು ಹಾಕಿ ಮೀಸೆ ತಿರುವಿದ ಮುತ್ಲಖ್, ಗುದ್ದಲಿ ಬಿಟ್ಟು ಬಂದಿದ್ದಾನೆ. ಹಿಂದೆ ಒಂದು ತಗಡಿನ ತಟ್ಟೆ ಸಿಕ್ಕಿತು, ಅದರಲ್ಲೇ ತೋಡತೊಡಗಿದೆ, ಒಂದು ತಟ್ಟೆ ತೆಗೆದರೆ ಎರಡು ತಟ್ಟೆ ಜಾರಿ ಬೀಳುತ್ತದೆ, ಚೆಲುವಾದ ಮರಳು, ಜೇನಿನ ಬಣ್ಣದ ಮರಳು, ಹಾಳಾದ ಮರಳು. ಬಾಬಾ, ಯಾರಿಗಾದ್ರೂ ಫೋನ್ ಮಾಡು, ಎಂದಳು ಜೂದ್. ಬೇಡ, ಅರ್ಧ ಗಂಟೇಲಿ ತೆಗೀತೀನಿ. ಯಾರಿಗೆ ಮಾಡಲಿ, ಅಣ್ಣನಿಗೆ ಮಾಡಿದರೆ ಅವನ ಮನೆಯಲ್ಲಿ ಇವತ್ತಿನ ಶುಕ್ರವಾರದ ಊಟಕ್ಕೆ ಕೂರುವ ಇಪ್ಪತ್ತು ಜನಕ್ಕೂ ಗೊತ್ತಾಗುತ್ತದೆ, ಮರಳಲ್ಲಿ ಸಿಕ್ಕವರನ್ನು ಎತ್ತುವ ಸ್ವಯಂಸೇವಕರ ಗುಂಪಿಗೆ ಮಾಡಿದರೆ ಅದರಲ್ಲಿ ಅರ್ಧ ಜನ ನನ್ನ ಹಳೆಯ ಗೆಳೆಯರು, ನಾನೇ ಒಂದು ಕಾಲದಲ್ಲಿ ಅದರಲ್ಲಿದ್ದೆ, ಅವರು ಬರುವ ಮೊದಲೇ ವೀಡಿಯೋ ಊರೆಲ್ಲ ತಿರುಗುತ್ತದೆ. ತೋಡಿದೆ. ಬೆನ್ನಿನ ಬೆವರಿಗೆ ಮರಳು ಮೆತ್ತಿಕೊಂಡಿತು. ಗಾಳಿ ಎದ್ದಿತು, ಮೊದಲು ದಿಬ್ಬದ ನೆತ್ತಿಯಿಂದ ಹೊಗೆಯ ಹಾಗೆ ಮರಳು ಹಾರಿತು, ಆಮೇಲೆ ಗುಳಿಯೊಳಗೂ ಸುತ್ತತೊಡಗಿತು, ಗಾಜು ಏರಿಸಿ ಒಳಗೇ ಇರಿ ಎಂದೆ, ಆದರೆ ಸತ್ತಾಮ್ ಇಳಿದುಬಿಟ್ಟಿದ್ದ, ನಾನೂ ತೋಡ್ತೀನಿ ಬಾಬಾ, ಎಂದು ಎರಡು ಪುಟ್ಟ ಅಂಗೈಯಿಂದ ಚಕ್ರದ ಬುಡದ ಮರಳು ಬಾಚುತ್ತಿದ್ದ, ನನ್ನ ಮಗ, ಎಂದುಕೊಂಡೆ, ಇವನು ನನ್ನ ಮಗ, ಆಗಲೂ ಫೋನ್ ತೆಗೆದೆನಲ್ಲ, ಹೌದು ತೆಗೆದೆ, ಅಪ್ಪ ಮಗ ಸೇರಿ ಕೆಲಸ ಮಾಡುವ ಚಿತ್ರ, ವಕೀಲ ಹಮ್ಮಾದ್ ಕುಣಿದಾಡುತ್ತಾನೆ, ಆ ಚಿತ್ರದಲ್ಲಿ ಮಗನ ಬಾಯಿ ತೆರೆದಿತ್ತು, ನಗು ಅಂದುಕೊಂಡೆ, ನಗು ಅಲ್ಲ, ಕೆಮ್ಮು.

ಒಂದು ಕೆಮ್ಮು, ಆಮೇಲೆ ಎರಡು, ಆಮೇಲೆ ಕೆಮ್ಮಿನ ನಡುವೆ ಜಾಗ ಇಲ್ಲ, ನೀರು ಕುಡಿ ಎಂದೆ, ಕುಡಿದ, ಕೆಮ್ಮಿದ, ಎದೆಯೊಳಗೆ ಸಣ್ಣ ಸಿಳ್ಳೆ, ಎಲ್ಲೋ ದೂರದಲ್ಲಿ ಯಾರೋ ಬಾಗಿಲ ಸಂದಿಯಿಂದ ಸಿಳ್ಳೆ ಹಾಕಿದ ಹಾಗೆ, ಈ ಸದ್ದನ್ನು ನಾನು ಇದೇ ಮೊದಲು ಕೇಳಿದ್ದು, ಅಪ್ಪನಾದವನು ಐದು ವರ್ಷಕ್ಕೆ ಮೊದಲ ಸಲ. ಪಂಪ್ ಎಲ್ಲಿ ಬಾಬಾ? ಜೂದ್ ಕೇಳಿದಳು. ಡೇರೇಲಿದೆ. ಜೇಬಲ್ಲೇ ಇರ್ಲಿ ಅಂದಿದ್ದೆ ನಾನು. ಹೌದು ಮಗಳೇ. ನಾನ್ ಅಂದಿದ್ದೆ. ಹೌದು ಕಣೇ, ಅಂದಿದ್ದೆ. ನಡೆದು ಹೋದರೆ ಡೇರೆಗೆ ಒಂದು ಗಂಟೆ, ಬರಲು ಒಂದು ಗಂಟೆ, ಇವನನ್ನು ಹೊತ್ತು ಈ ಗಾಳಿಯಲ್ಲಿ ನಡೆದರೆ ಇನ್ನೂ ಮರಳು ಕುಡಿಯುತ್ತಾನೆ, ಬಿಟ್ಟು ಹೋದರೆ — ಹೇಗೆ ಬಿಟ್ಟು ಹೋಗಲಿ. ಅವನನ್ನು ಜೀಪಿನೊಳಗೆ ತೊಡೆಯ ಮೇಲೆ ಕೂರಿಸಿಕೊಂಡೆ, ತಲೆಗೆ ಸುತ್ತಿದ ಗುತ್ರಾ ಬಿಚ್ಚಿ ಒದ್ದೆ ಮಾಡಿ ಮೂಗಿಗೆ ಹಿಡಿದೆ, ಬೆನ್ನು ಸವರಿದೆ, ಅವನು ಮೈ ಬಿಗಿಹಿಡಿದು ಕೂತಿದ್ದ, ನನ್ನ ತೊಡೆಯ ಮೇಲೆ ಹೇಗೆ ಕೂರಬೇಕೆಂದು ಗೊತ್ತಿಲ್ಲದವನ ಹಾಗೆ, ಬಸ್ಸಿನಲ್ಲಿ ಅಪರಿಚಿತನ ಪಕ್ಕ ಕೂತವನ ಹಾಗೆ. ಎರಡು ವರ್ಷದವನಿದ್ದಾಗ ಮೊದಲ ಸಲ ಹೀಗಾಗಿತ್ತಂತೆ, ಅಂತೆ, ಯಾಕೆಂದರೆ ನಾನು ಇರಲಿಲ್ಲ, ನಾನು ಇಲ್ಲೇ ಇದ್ದೆ, ಇದೇ ಮರಳಲ್ಲಿ, ಗೆಳೆಯರ ಜೊತೆ, ಫೋನ್ ಆರಿಸಿಟ್ಟು, ಮರಳಿಗೆ ಬಂದ ಮೇಲೆ ಫೋನ್ ಯಾಕೆ ಎನ್ನುವುದು ನಮ್ಮ ಹೆಮ್ಮೆ, ಅಬೀರ್ ಹದಿನೇಳು ಸಲ ಫೋನ್ ಮಾಡಿದ್ದಳು, ಆಮೇಲೆ ತಾನೇ ಕಾರು ತೆಗೆದಳು, ಗಾಡಿ ಕಲಿತು ಒಂದು ತಿಂಗಳೂ ಆಗಿರಲಿಲ್ಲ, ಮಗುವನ್ನು ಪಕ್ಕದ ಸೀಟಿಗೆ ಕಟ್ಟಿಕೊಂಡು ಆಸ್ಪತ್ರೆಗೆ ಹೊಡೆದಳು, ಶನಿವಾರ ನಾನು ಹೊಗೆಯ ವಾಸನೆ ಹೊತ್ತು ಮನೆಗೆ ಬಂದಾಗ ಅವಳು ಜಗಳ ಮಾಡಲಿಲ್ಲ, ಅದೇ ನನಗೆ ಗಾಬರಿಯಾಗಬೇಕಿತ್ತು, ನಾನು ಸದ್ಯ ಎಂದುಕೊಂಡೆ. ನನಗೆ ದಾರಿ ಗೊತ್ತಾಯ್ತು ಮುತ್ಲಖ್, ಎಂದಳು, ನಾನು ಆಸ್ಪತ್ರೆಯ ದಾರಿ ಎಂದು ತಿಳಿದೆ. ತಿರುಗಿ ನೋಡಿದರೆ ಜೂದ್ ಸೀಟಿನಲ್ಲಿಲ್ಲ, ಬಾಗಿಲು ತೆರೆದಿದೆ, ಅವಳು ದಿಬ್ಬ ಹತ್ತುತ್ತಿದ್ದಾಳೆ, ನಾಲ್ಕು ಕಾಲಲ್ಲಿ, ಗಾಳಿಗೆ ಕೂದಲು ಹಾರುತ್ತಾ, ನೆತ್ತಿ ಮುಟ್ಟಿ ಜೇಬಿನಿಂದ ಅವಳಮ್ಮ ಕೊಟ್ಟ ಸಣ್ಣ ಫೋನ್ ತೆಗೆದಳು, ಗಾಳಿ ಅವಳ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು, ಅದಕ್ಕೇ ಕೇಳಿಸಿತು, ಇಲ್ಲದಿದ್ದರೆ ಕೇಳಿಸುತ್ತಿರಲಿಲ್ಲ. ಅಮ್ಮಾ, ನೀನ್ ಹೇಳ್ದಂಗೇ ಆಯ್ತು, ಜಾಗ ಕಳ್ಸಿದೀನಿ, ಬನ್ನಿ.

ನಲವತ್ತು ನಿಮಿಷ. ರಿಯಾದಿನಿಂದ ನಲವತ್ತು ನಿಮಿಷಕ್ಕೆ ಯಾರೂ ಬರಲಾರರು, ಲೆಕ್ಕ ಹಾಕಿದಾಗ ಅರ್ಥವಾಯಿತು, ಹತ್ತಿರದ ರುಮಾಹ್ ಊರಿನ ಅಂಚಿನಲ್ಲಿ ಒಂದು ವಿಶ್ರಾಂತಿ ಮನೆ ಬಾಡಿಗೆಗೆ ಹಿಡಿದು ಇಬ್ಬರೂ ನಿನ್ನೆಯಿಂದಲೇ ಕೂತಿರಬೇಕು, ನಾನು ಸೋಲುವುದನ್ನು ಕಾಯುತ್ತಾ, ಇಲ್ಲ, ಕಾಯುತ್ತಾ ಎಂದರೆ ತಪ್ಪು, ಹೆದರುತ್ತಾ, ಎರಡರಲ್ಲಿ ಯಾವುದು ಹೆಚ್ಚು ಅವಮಾನ. ದಿಬ್ಬದ ಮೇಲೆ ಬಿಳಿ ಕಾರು ಕಂಡಿತು, ಗಟ್ಟಿ ನೆಲದಲ್ಲೇ ನಿಲ್ಲಿಸಿದ್ದಾನೆ, ಅಷ್ಟು ಬುದ್ಧಿ ಇದೆ, ಅಬೀರ್ ಕಪ್ಪು ಅಬಾಯಾ ಎತ್ತಿ ಹಿಡಿದು ಇಳಿಜಾರಲ್ಲಿ ಓಡೋಡಿ ಬಂದಳು, ನನ್ನ ಮುಖ ನೋಡಲಿಲ್ಲ, ಅವಳ ಹಿಂದೆ ಅವನು, ವಾಯಿಲ್, ಜಾರುತ್ತಾ, ಒಮ್ಮೆ ಕುಂಡೆಯ ಮೇಲೆ ಕೂತೇಬಿಟ್ಟ, ಎದ್ದ, ಕುಳ್ಳ, ಬೋಳು ತಲೆ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ಥೋಬ್, ಕೈಯಲ್ಲಿ ನೀಲಿ ಪಂಪು. ಸಲಾಂ ಅಬೂ ಸತ್ತಾಮ್, ಸತ್ತಾಮ್‌ನ ಅಪ್ಪ ಎಂದೇ ಕರೆದ, ಏದುಸಿರು ಬಿಡುತ್ತಾ, ನಾನು ಸಲಾಂ ಹಿಂದಿರುಗಿಸಿದೆ, ಮರಳಿನ ಮೇಲೆ ಎಂಥ ವೈರಿಗೂ ಸಲಾಂ ಹಿಂದಿರುಗಿಸಬೇಕು. ಮಗನನ್ನು ಸೀಟಿನಲ್ಲಿ ಕೂರಿಸಿ ನಾನು ಇಳಿದೆ, ಅವನು ಜೀಪಿನ ಬಾಗಿಲ ಬಳಿ ಮಂಡಿಯೂರಿದ, ಏನೋ ಮರಿ, ಗಂಟಲಲ್ಲಿ ಬೆಕ್ಕು ಕೂತಿದ್ಯಾ, ಎಂದ, ಸತ್ತಾಮ್ ತಲೆ ಆಡಿಸಿದ, ಓಡಿಸೋಣ್ವಾ ಬೆಕ್ಕನ್ನ, ಒಂದು ಎರಡು ಮೂರು, ಪಂಪು ಒತ್ತಿದ, ಹಿಡ್ಕೊ ಹಿಡ್ಕೊ ಹಿಡ್ಕೊ, ಬಿಡು. ಮತ್ತೊಮ್ಮೆ. ನಾವು ಮೂವರೂ ಉಸಿರು ಹಿಡಿದು ನಿಂತಿದ್ದೆವು, ನಾನು, ಅಬೀರ್, ಜೂದ್, ಒಂದು ಕಾಲದ ಸಂಸಾರ. ಸಿಳ್ಳೆ ಮೆಲ್ಲಗೆ ಕಡಿಮೆಯಾಯಿತು, ಬಾಗಿಲು ಮುಚ್ಚಿದ ಹಾಗೆ. ಬೆಕ್ಕು ಓಡೋಯ್ತು, ಎಂದ ಸತ್ತಾಮ್, ದನಿ ಇನ್ನೂ ಒಡಕು. ಶೂ ತುಂಬಾ ಮರಳು, ಚುಚ್ಚತ್ತೆ, ಎಂದು ಜೀಪಿನಿಂದ ಕೆಳಗಿಳಿದು ನಿಂತ, ನನ್ನೆಡೆಗೆ ಹೇಳಿದ್ದೋ, ಯಾರೆಡೆಗೂ ಅಲ್ಲವೋ, ನಾನು ಬಗ್ಗುವಷ್ಟರಲ್ಲಿ ವಾಯಿಲ್ ಮಂಡಿಯ ಮೇಲೇ ಇದ್ದನಲ್ಲ, ಅಲ್ಲಿಂದಲೇ ಒಂದು ಕಾಲು ಎತ್ತಿಕೊಂಡ, ಶೂ ಬಿಚ್ಚಿದ, ಬೋರಲು ಮಾಡಿದ, ಕೆಂಪು ಮರಳು ಸಣ್ಣ ಧಾರೆಯಾಗಿ ಸುರಿಯಿತು, ಆಗ ಸತ್ತಾಮ್ ಒಂಟಿ ಕಾಲಲ್ಲಿ ವಾಲದಿರಲೆಂದು ಕೈ ಚಾಚಿ ಅವನ ಬೋಳು ತಲೆಯ ಮೇಲೆ ಇಟ್ಟ. ನೋಡದೆ ಇಟ್ಟ. ಅವನ ಕಣ್ಣು ನನ್ನ ಜೀಪಿನ ಮೇಲಿತ್ತು, ಬಾಬಾ ಜೀಪ್ ಸತ್ತೋಯ್ತಾ ಎಂದು ಕೇಳುತ್ತಿದ್ದ, ಕೈ ಮಾತ್ರ ತಾನಾಗಿ ಹೋಗಿ ತಾನು ದಿನಾ ಕೂರುವ ಜಾಗದಲ್ಲಿ ಕೂತಿತು, ಮನೆಯಲ್ಲಿ ಕತ್ತಲಾದರೂ ಸ್ವಿಚ್ಚು ಹುಡುಕಬೇಕಿಲ್ಲವಲ್ಲ, ಹಾಗೆ. ಇನ್ನೊಂದು ಕಾಲು, ಎಂದ ವಾಯಿಲ್. ಇನ್ನೊಂದು ಕಾಲು ಕೊಟ್ಟ. ಕೈ ಅಲ್ಲೇ ಇತ್ತು.

ನನ್ನ ಅಪ್ಪನ ತಲೆಗೆ ನಾನು ಹಬ್ಬದ ದಿನ ತುಟಿ ತಾಗಿಸಿದ್ದುಂಟು, ಎಲ್ಲ ಮಕ್ಕಳೂ ಸಾಲಾಗಿ ತಾಗಿಸುವ ಹಾಗೆ, ಕೈ ಇಟ್ಟದ್ದು ಒಮ್ಮೆ ಮಾತ್ರ, ಅವರು ಹೋದ ಮೇಲೆ, ಸ್ನಾನ ಮಾಡಿಸುವಾಗ, ನೀರು ಹೊಯ್ಯುತ್ತಾ, ಎಷ್ಟು ಸಣ್ಣ ತಲೆ ಎಂದುಕೊಂಡಿದ್ದೆ. ಅಬೂ ಸತ್ತಾಮ್, ಹಗ್ಗ ಎಲ್ಲಿಗ್ ಕಟ್ಟಬೇಕು, ನೀವು ಹೇಳಿ, ನಂಗಿದೆಲ್ಲ ಬರಲ್ಲ, ಎಂದ ವಾಯಿಲ್, ಹಂಗಿಸಿದ್ದಲ್ಲ, ನಿಜವಾಗಿ ಕೇಳಿದ್ದು, ಹೊಸ ಹಗ್ಗ, ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು, ನಿನ್ನೆ ರುಮಾಹ್‌ನಲ್ಲಿ ತಗೊಂಡೆ, ಯಾರಿಗಾದ್ರೂ ಬೇಕಾಗಬಹುದು ಅಂತ, ಎಂದ, ಯಾರಿಗಾದರೂ, ಒಳ್ಳೆಯವನು, ನನ್ನ ಮರ್ಯಾದೆ ಉಳಿಸುವಷ್ಟು ಒಳ್ಳೆಯವನು, ಒಬ್ಬ ಮನುಷ್ಯನನ್ನು ದ್ವೇಷಿಸಲು ಅವನು ಇಷ್ಟು ಅಡ್ಡಿ ಮಾಡಬಾರದು. ಕೆಳಗಿನ ಕೊಂಡಿಗೆ ಕಟ್ಟಿ, ಎಂದೆ, ಬಿಗಿದು ಎಳೀಬೇಡಿ, ಮೊದಲು ಸಡಿಲ ಬಿಡಿ, ಆಮೇಲೆ ಒಂದೇ ಸಮ ಎಳೀರಿ. ಅವನು ಬಗ್ಗಿದಾಗ ತಲೆ ನನ್ನ ಕಡೆ ತಿರುಗಿತು. ಬೆವೆತ ಬೋಳಿನ ಮೇಲೆ ಐದು ಬೆರಳಿನ ಗುರುತು, ಕೆಂಪು ಮರಳಿನದು, ಅಂಟಿಕೊಂಡಿದೆ. ಒರೆಸಿಕೊಳ್ಳಲಿಲ್ಲ. ಹಗ್ಗ ಹಿಡಿದು ದಿಬ್ಬ ಹತ್ತಿದ, ಎರಡು ಸಲ ಜಾರಿದ, ಥೋಬಿನ ತೋಳಿಂದ ಮುಖ ಒರೆಸಿದ, ಕತ್ತು ಒರೆಸಿದ, ತಲೆ ಒರೆಸಲಿಲ್ಲ, ಗೊತ್ತೇ ಇಲ್ಲ ಅವನಿಗೆ, ದಿನಾ ಅಂಟುವುದನ್ನು ಯಾರು ಗಮನಿಸುತ್ತಾರೆ. ಹಗ್ಗ ಬಿಗಿಯಾಯಿತು, ನನ್ನ ಜೀಪು ನರಳಿತು, ಮೂರನೆಯ ಸಲಕ್ಕೆ ಮರಳು ಅದನ್ನು ಉಗುಳಿತು, ಸತ್ತಾಮ್ ದಿಬ್ಬದ ಮೇಲೆ ಚಪ್ಪಾಳೆ ತಟ್ಟಿದ, ಯಾರಿಗೆಂದು ನಾನು ನೋಡಲಿಲ್ಲ.

ಅಬೀರ್ ಬಳಿ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈಗುಳಕ್ಕೆ ನನ್ನಲ್ಲಿ ಉತ್ತರಗಳಿದ್ದವು, ವರ್ಷಗಳಿಂದ ಮಸೆದಿಟ್ಟ ಉತ್ತರಗಳು. ಅಬೂ ಸತ್ತಾಮ್, ಎಂದಳು, ಹತ್ತು ವರ್ಷ ಮುತ್ಲಖ್ ಎಂದು ಕರೆದ ಬಾಯಿ, ಈಗ ಅಂಗಡಿಯವನನ್ನೂ ನೆರೆಯವನನ್ನೂ ಕರೆಯುವ ಹಾಗೆ ಮಗನ ಹೆಸರು ಹಿಡಿದು, ನಾಳೆ ಸಂಜೆವರ್ಗೂ ನಿಮ್ಮ ದಿನ. ನಾನ್ ಕಿತ್ಕೊಳ್ಳಲ್ಲ. ಆದ್ರೆ ಅವನ ಎದೆ ಹಿಂಗಿದೆ, ಗಾಳಿ ಇನ್ನೂ ಜೋರಾಗತ್ತೆ, ನೀವೇ ಹೇಳಿ. ನೀವೇ ಹೇಳಿ, ಎಂದರೆ ನನ್ನ ಬಾಯಿಂದಲೇ ಬರಬೇಕು. ಕರ್ಕೊಂಡ್ ಹೋಗು, ಎಂದೆ. ಅವಳು ಹೂಂ ಎಂದಳು, ಮುಸುಕು ಸರಿಪಡಿಸಿಕೊಂಡು ಹತ್ತಿಹೋದಳು. ಜೂದ್ ನಿಂತೇ ಇದ್ದಳು. ಬಾಬಾ, ನಾನ್ ಬೇಕಾದ್ರೆ ಇರ್ತೀನಿ, ಡೇರೆ ಬಿಚ್ಚೋಕೆ ಇಬ್ರು ಬೇಕಲ್ವಾ, ಎಂದಳು, ಎಂಟು ವರ್ಷದ ಹುಡುಗಿ, ಕೈಕಟ್ಟಿರಲಿಲ್ಲ ಈಗ, ಎರಡು ಕೈಯೂ ಇಳಿಬಿಟ್ಟಿದ್ದಳು, ಆ ಕರುಣೆ ನನ್ನನ್ನು ಸುಟ್ಟಿತು, ಬೇಡ ಹೋಗು, ಎಂದು ಗದರಿದೆ, ಅವಳು ಹೋದಳು, ಅರ್ಧ ದಾರಿಯಲ್ಲಿ ತಿರುಗಿ, ನೆನ್ನೆ ಅನ್ನ ಚೆನ್ನಾಗಿತ್ತು ಬಾಬಾ, ಎಂದು ಕೂಗಿದಳು. ನಾನು ಕೈ ಎತ್ತಿದೆ. ಬಿಳಿ ಕಾರು ಹೋಯಿತು. ಡೇರೆಗೆ ಬಂದು ಮುಟ್ಟಿದ್ದು ನೆನಪಿಲ್ಲ, ಮುಟ್ಟಿದ್ದೇನೆ, ಗೂಟ ಕೀಳುತ್ತಿದ್ದೇನೆ, ಮಧ್ಯಾಹ್ನದ ಬಿಸಿಲು ಧೂಳಿನ ಹಿಂದೆ ತಾಮ್ರದ ತಟ್ಟೆಯಾಗಿದೆ, ಫೋನ್ ನಡುಗುತ್ತದೆ, ವಕೀಲ ಹಮ್ಮಾದ್, ಫೋಟೋ ಬಂದ್ವಾ, ಇವತ್ತೇ ಕಳ್ಸು, ಕಾಗದ ತಯಾರು ಮಾಡ್ಬೇಕು. ತೆಗೆದು ನೋಡಿದೆ. ತಟ್ಟೆಯ ಮುಂದೆ ಮಗನ ಹಲ್ಲು, ಮಗಳ ತುಟಿಯ ದಾನ, ಡೇರೆಯ ಮುಂದೆ ಇಬ್ಬರೂ ಶಾಲೆಯ ಫೋಟೋಕ್ಕೆ ನಿಂತ ಹಾಗೆ, ಚಕ್ರದ ಬಳಿ ಕೆಮ್ಮುವ ಬಾಯಿ, ಗೊತ್ತಿಲ್ಲದವರಿಗೆ ಅದೇ ಎಲ್ಲಕ್ಕಿಂತ ದೊಡ್ಡ ನಗು, ಕಳಿಸಿದರೆ ಅದೇ ಗೆಲ್ಲಿಸುತ್ತದೆ, ಬೆರಳು ಅದರ ಮೇಲೇ ಇದೆ, ಒತ್ತಿದರೆ ಸಾಕು, ಆಮೇಲೆ ಮಕ್ಕಳು ನನ್ನ ಮನೆಗೆ, ನನ್ನ ತಟ್ಟೆಗೆ, ನನ್ನ ತೊಡೆಗೆ, ಬಸ್ಸಿನಲ್ಲಿ ಅಪರಿಚಿತನ ಪಕ್ಕ ಕೂತವರ ಹಾಗೆ. ಕಳಿಸಲಿಲ್ಲ. ಬೇಡ ಹಮ್ಮಾದ್, ಅರ್ಜಿ ಹಾಕ್ಬೇಡ, ಎಂದು ಬರೆದೆ, ದೊಡ್ಡತನದಿಂದ ಅಲ್ಲ, ನಿಜವಾದ ಸಾಕ್ಷಿ ನಾನೇ ನೋಡಿಬಿಟ್ಟೆನಲ್ಲ, ಅದಕ್ಕೆ. ಯಾಕೆ, ಏನಾಯ್ತು, ಎಂದು ತಕ್ಷಣ ಬಂತು. ಏನಾಯಿತು. ಏನೂ ಆಗಲಿಲ್ಲ, ಒಬ್ಬ ಹುಡುಗ ಶೂ ಬಿಚ್ಚಿಸಿಕೊಂಡ, ಅಷ್ಟೆ, ಬೀಳದಿರಲೆಂದು ಒಂದು ಕೈ — ನೋಡದೆ — ಇನ್ನೊಂದು ಗೂಟ ಉಳಿದಿದೆ, ಕೀಳಬೇಕು, ಹಗ್ಗ ಸುತ್ತಬೇಕು, ಹಾಸಿಗೆ ಕೊಡವಬೇಕು — ವಾಯಿಲ್ ಈಗ ರುಮಾಹ್ ದಾಟಿರುತ್ತಾನೆ, ಕಾರು ಓಡಿಸುತ್ತಿರುತ್ತಾನೆ, ಹಿಂದೆ ಕೂತವನಿಗೆ ಕಾಣುತ್ತಿರುತ್ತದೆ, ಅಥವಾ ಕಾಣುವುದಿಲ್ಲ, ಮಲಗಿರುತ್ತಾನೆ, ಯಾರಿಗೂ ಕಾಣುವುದಿಲ್ಲ, ನನಗೊಬ್ಬನಿಗೆ, ಬೆವೆತ ಬೋಳು ತಲೆ, ಅದರ ಮೇಲೆ ಐದು ಬೆರಳು, ಕೆಂಪು ಮರಳಿನ ಐದು ಸಣ್ಣ ಬೆರಳು.